ಲ್ಯಾಪ್‌ಟಾಪ್ ಬ್ಯಾಟರಿ ಸವೆದಿದೆಯೋ, ಕೆಟ್ಟಿದೆಯೋ? ವಾರಂಟಿ ಮುಗಿಯುವ ಮೊದಲೇ ಪತ್ತೆ ಹಚ್ಚುವ ಬಗೆ

ದಾವಣಗೆರೆಯಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ಲ್ಯಾಪ್‌ಟಾಪ್ ಬ್ಯಾಟರಿಯ ದೂರುಗಳೂ ಜೊತೆಗೇ ಬರುತ್ತವೆ. ಹೊಸದರಲ್ಲಿ ಐದು ಗಂಟೆ ಬರುತ್ತಿದ್ದದ್ದು ಈಗ ಎರಡು ಗಂಟೆಗೇ ಮುಗಿಯುತ್ತದೆ, ಮೂವತ್ತು ಪರ್ಸೆಂಟ್ ಇರುವಾಗಲೇ ಆರಿಹೋಗುತ್ತದೆ, ರಾತ್ರಿ ಮುಚ್ಚಿಟ್ಟದ್ದು ಬೆಳಗ್ಗೆ ತೆರೆದರೆ ಖಾಲಿ. ವಿದ್ಯಾನಗರದ ಬಾಡಿಗೆ ಕೊಠಡಿಗಳಲ್ಲಿ ಓದುವ ಎಂಜಿನಿಯರಿಂಗ್ ಹುಡುಗರಿರಲಿ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವ ಗುಮಾಸ್ತರಿರಲಿ, ಕೇಳುವ ಪ್ರಶ್ನೆ ಒಂದೇ: "ಇನ್ನೂ ವಾರಂಟಿ ಇದೆಯಲ್ಲ, ಬದಲಾಯಿಸಿ ಕೊಡುವುದಿಲ್ಲವೇ?"

ಕೊಡುವುದೂ ಉಂಟು, ಕೊಡದಿರುವುದೂ ಉಂಟು. ಬಳಸುತ್ತಾ ಬಳಸುತ್ತಾ ಬ್ಯಾಟರಿಯ ಸಾಮರ್ಥ್ಯ ನಿಧಾನವಾಗಿ ಇಳಿಯುವುದನ್ನು ಕಂಪನಿಗಳು ಸವಕಳಿ ಎಂದು ಕರೆಯುತ್ತವೆ; ಸವಕಳಿಗೆ ವಾರಂಟಿ ಇಲ್ಲ. ಆದರೆ ಒಳಗಿನ ಒಂದು ಸೆಲ್ ಕೆಟ್ಟು ಸಾಮರ್ಥ್ಯ ಥಟ್ಟನೆ ಕುಸಿದರೆ ಅದು ದೋಷ, ಅದಕ್ಕೆ ವಾರಂಟಿ ಇದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತೋರಿಸುವ ದಾಖಲೆ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಕೇಳಿದರೆ ಬಿಡಿಗಾಸಿಲ್ಲದೆ ಸಿಗುತ್ತದೆ. ಅದನ್ನು ತೆಗೆಯದೆ ಸರ್ವಿಸ್ ಸೆಂಟರಿನ ಕೌಂಟರ್ ಮುಂದೆ ಬರಿಗೈಯಲ್ಲಿ ನಿಂತು "ಇದು ನಾರ್ಮಲ್" ಎಂಬ ಮಾತು ಕೇಳಿ ವಾಪಸಾಗುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮೊದಲು ಉಬ್ಬಿದೆಯೇ ನೋಡಿ

ಮಿಕ್ಕ ಯಾವ ಪರೀಕ್ಷೆಗೂ ಮುಂಚೆ ಲ್ಯಾಪ್‌ಟಾಪನ್ನು ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಡಿ. ನಾಲ್ಕು ಕಾಲೂ ಮೇಜಿಗೆ ತಾಗುತ್ತಿವೆಯೇ, ಅಥವಾ ಅಲುಗಾಡುತ್ತಿದೆಯೇ? ಟಚ್‌ಪ್ಯಾಡ್ ಒತ್ತಿದರೆ ಮೊದಲಿನ ಹಾಗೆ ಟಕ್ ಎನ್ನುತ್ತದೆಯೇ, ಗಟ್ಟಿಯಾಗಿದೆಯೇ? ಕೆಳಗಿನ ಮುಚ್ಚಳದ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿದೆಯೇ? ಇವುಗಳಲ್ಲಿ ಒಂದು ಕಂಡರೂ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಸೆಲ್‌ನ ಒಳಗಿನ ದ್ರಾವಣ ವಿಘಟನೆಗೊಂಡು ಅನಿಲವಾದಾಗ ಮೆತ್ತನೆಯ ಹೊದಿಕೆ ಹೀಗೆ ಉಬ್ಬುತ್ತದೆ.

ಉಬ್ಬಿದ್ದರೆ ಇಲ್ಲಿಗೇ ನಿಲ್ಲಿಸಿ. ಚಾರ್ಜರ್ ತೆಗೆಯಿರಿ, ಲ್ಯಾಪ್‌ಟಾಪ್ ಆಫ್ ಮಾಡಿ, ಹಾಸಿಗೆ, ಪುಸ್ತಕಗಳಿಂದ ದೂರ ಇಡಿ. ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಿ ಗಾಳಿ ತೆಗೆಯುವ ಸಾಹಸವಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಯ ಬೆಂಕಿಯನ್ನು ಮನೆಯಲ್ಲಿ ನಂದಿಸುವುದು ಬಹಳ ಕಷ್ಟ. ಹೊರಗಿನಿಂದಲೇ ಫೋಟೊ ತೆಗೆದುಕೊಂಡು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, "ಬ್ಯಾಟರಿ ಉಬ್ಬಿದೆ" ಎಂದು ಅದೇ ಪದದಲ್ಲಿ ಹೇಳಿ. ಬೇಗ ಖಾಲಿಯಾಗುತ್ತದೆ ಎಂಬ ದೂರನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಇದು ಸುರಕ್ಷತೆಯ ವಿಷಯ. ಕೊರಿಯರ್‌ನಲ್ಲಿ ನೀವೇ ಕಳುಹಿಸಬೇಡಿ.

ಬ್ಯಾಟರಿಯದೇ ತಪ್ಪೇ?

ಎಲ್ಲ ದೂರುಗಳಿಗೂ ಬ್ಯಾಟರಿಯೇ ಕಾರಣವಲ್ಲ. ಚಾರ್ಜ್ 80ಕ್ಕೋ 60ಕ್ಕೋ ಬಂದು ನಿಂತುಬಿಟ್ಟರೆ ಅದು ಕೆಟ್ಟಿದ್ದಲ್ಲ, ಯಾರೋ ಉಳಿತಾಯದ ಮಿತಿ ಹಾಕಿದ್ದಾರೆ ಅಷ್ಟೆ. ಲೆನೊವೊದಲ್ಲಿ ವ್ಯಾಂಟೇಜ್ ಎಂಬ ಆ್ಯಪ್‌ನಲ್ಲಿ 'ಕನ್ಸರ್ವೇಷನ್ ಮೋಡ್', ಆಸುಸ್‌ನಲ್ಲಿ ಮೈಆಸುಸ್ ಆ್ಯಪ್‌ನಲ್ಲಿ 'ಬ್ಯಾಟರಿ ಹೆಲ್ತ್ ಚಾರ್ಜಿಂಗ್', ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯೋಸ್‌ನೊಳಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) 'ಬ್ಯಾಟರಿ ಹೆಲ್ತ್ ಮ್ಯಾನೇಜರ್' ಎಂದಿರುತ್ತದೆ. ಇದನ್ನು ತೆಗೆಯುವುದಕ್ಕಿಂತ ಇರಲು ಬಿಡುವುದೇ ಒಳ್ಳೆಯದು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಚಾರ್ಜರ್ ಚುಚ್ಚಿದ್ದರೂ ಚಾರ್ಜ್ ಏರುತ್ತಿಲ್ಲವೇ? ಬೇರೆ ಚಾರ್ಜರ್ ಹಾಕಿ ನೋಡಿ. 65 ವ್ಯಾಟ್ ಬೇಡುವ ಯಂತ್ರಕ್ಕೆ ಮೊಬೈಲಿನ ಸಣ್ಣ ಟೈಪ್-ಸಿ ಚಾರ್ಜರ್ ಕೊಟ್ಟರೆ ಕೆಲಸ ನಡೆಯುತ್ತಿರುವಾಗ ಚಾರ್ಜ್ ಏರುವುದಿರಲಿ, ಇಳಿಯಲೂಬಹುದು. ಇನ್ನೊಂದು ಕಾರಣ ನಮ್ಮ ಕಡೆಯ ಏಪ್ರಿಲ್‌, ಮೇ ತಿಂಗಳಿಗೆ ಸರಿಯಾಗಿ ಹೊಂದುತ್ತದೆ: ಲಿಥಿಯಂ ಸೆಲ್‌ಗಳ ಉಷ್ಣತೆ ಸುಮಾರು 45 ಡಿಗ್ರಿ ದಾಟಿದರೆ ಬ್ಯಾಟರಿಯೊಳಗಿನ ನಿಯಂತ್ರಕವೇ ಚಾರ್ಜ್ ತಡೆಯುತ್ತದೆ. ಮಧ್ಯಾಹ್ನ ಏರದ ಚಾರ್ಜ್ ಸಂಜೆ ಫ್ಯಾನ್ ಕೆಳಗೆ ಏರಿದರೆ ಉತ್ತರ ಸಿಕ್ಕಂತೆ.

ರಾತ್ರಿಯಿಡೀ ಇಳಿಯುವ ಚಾರ್ಜಿಗೆ ಹೆಚ್ಚಾಗಿ ಕಾರಣ ನಿದ್ರಾಸ್ಥಿತಿ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮುಚ್ಚಳ ಹಾಕಿದರೂ ಪೂರ್ತಿ ಮಲಗುವುದಿಲ್ಲ, ಆಗಾಗ ಎದ್ದು ಇಂಟರ್‌ನೆಟ್ ನೋಡುತ್ತವೆ. ಒಂದು ರಾತ್ರಿ ಪೂರ್ತಿ ಶಟ್‌ಡೌನ್ ಮಾಡಿ ಇಡಿ. ಬೆಳಗ್ಗೆ ಒಂದೆರಡು ಪರ್ಸೆಂಟ್‌ಗಿಂತ ಹೆಚ್ಚು ಇಳಿದಿಲ್ಲವೆಂದರೆ ಬ್ಯಾಟರಿ ನಿರಪರಾಧಿ. ಮುಚ್ಚಳ ಹಾಕಿದಾಗ 'ಹೈಬರ್ನೇಟ್' ಆಗುವಂತೆ, ಅಂದರೆ ತೆರೆದ ಕೆಲಸವನ್ನು ಉಳಿಸಿಕೊಂಡು ಪೂರ್ತಿ ಆಫ್ ಆಗುವಂತೆ, ಸೆಟ್ ಮಾಡಿದರೆ ಮುಗಿಯಿತು.

ಇನ್ನು ಗಂಟೆಗಳ ಲೆಕ್ಕ. ಬ್ಯಾಟರಿಯಲ್ಲಿರುವ ಶಕ್ತಿಯನ್ನು ಯಂತ್ರ ಎಳೆಯುವ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 50 ವ್ಯಾಟ್ ಅವರ್ ಬ್ಯಾಟರಿಯಲ್ಲಿ 10 ವ್ಯಾಟ್ ಎಳೆಯುವ ಟೈಪಿಂಗ್ ಕೆಲಸ ಐದು ಗಂಟೆ ನಡೆಯುತ್ತದೆ. ಅದೇ ಯಂತ್ರದಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ, ಹತ್ತಾರು ಟ್ಯಾಬ್ ತೆರೆದು, ವಿಡಿಯೊ ಪಾಠ ಹಾಕಿದರೆ 20 ವ್ಯಾಟ್ ಎಳೆದು ಎರಡೂವರೆ ಗಂಟೆಗೆ ಮುಗಿಯುತ್ತದೆ. ಬ್ಯಾಟರಿ ಒಂದಿಷ್ಟೂ ಸವೆಯದೆ ಅರ್ಧ ಸಮಯ ಮಾಯ. ಆದ್ದರಿಂದ ಗಂಟೆಯನ್ನು ನಂಬಿ ತೀರ್ಮಾನಿಸಬಾರದು, ಸಾಮರ್ಥ್ಯವನ್ನೇ ಅಳೆಯಬೇಕು.

ಬ್ಯಾಟರಿ ವರದಿ ತೆಗೆಯುವುದು

ವಿಂಡೋಸ್‌ನ ಹುಡುಕು ಪೆಟ್ಟಿಗೆಯಲ್ಲಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಎಂಟರ್ ಒತ್ತಿ. ತೆರೆಯುವ ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನ ಪವರ್ ಎಂಬ ಪದ, ಅದಕ್ಕೆ ಅಂಟಿದಂತೆ ಸಿ-ಎಫ್-ಜಿ, ಆಮೇಲೆ ಒಂದು ಜಾಗ ಬಿಟ್ಟು ಮುಂದಕ್ಕೆ ವಾಲಿದ ಓರೆಗೆರೆ, ಅದಕ್ಕೆ ತಾಗಿಸಿ ಬ್ಯಾಟರಿ ಮತ್ತು ರಿಪೋರ್ಟ್ ಎಂಬ ಎರಡು ಪದಗಳನ್ನು ನಡುವೆ ಜಾಗವಿಲ್ಲದೆ ಟೈಪ್ ಮಾಡಿ ಎಂಟರ್ ಒತ್ತಿ. ವರದಿಯನ್ನು ಯಾವ ಫೋಲ್ಡರ್‌ನಲ್ಲಿ ಉಳಿಸಿದೆ ಎಂಬುದನ್ನು ಅದೇ ಕಿಟಕಿ ತಿಳಿಸುತ್ತದೆ. ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆದು ಪಿಡಿಎಫ್ ಆಗಿ ಉಳಿಸಿ, ನಿಮ್ಮ ಇಮೇಲಿಗೇ ಕಳುಹಿಸಿಕೊಳ್ಳಿ; ತಾರೀಖು ಸಮೇತ ದಾಖಲೆಯಾಗುತ್ತದೆ.

ಮ್ಯಾಕ್‌ಬುಕ್‌ನಲ್ಲಿ 'ಸಿಸ್ಟಂ ಇನ್ಫರ್ಮೇಷನ್' ತೆರೆದು 'ಪವರ್' ವಿಭಾಗ ನೋಡಿದರೆ ಸೈಕಲ್ ಎಣಿಕೆ, ಬ್ಯಾಟರಿಯ ಸ್ಥಿತಿ ಎರಡೂ ಸಿಗುತ್ತವೆ. ಲಿನಕ್ಸ್ ಬಳಸುವವರಿಗೆ ಯುಪವರ್ ಎಂಬ ಸಾಧನ ಇದೇ ಮಾಹಿತಿ ಕೊಡುತ್ತದೆ.

ವಿಂಡೋಸ್ ವರದಿಯಲ್ಲಿ ಮೊದಲು ನೋಡಬೇಕಾದ್ದು 'ಡಿಸೈನ್ ಕೆಪ್ಯಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪ್ಯಾಸಿಟಿ'. ಮೊದಲನೆಯದು ಕಾರ್ಖಾನೆ ಹೇಳಿದ ಸಾಮರ್ಥ್ಯ, ಎರಡನೆಯದು ಇವತ್ತು ಪೂರ್ತಿ ತುಂಬಿದಾಗ ನಿಜಕ್ಕೂ ಹಿಡಿಯುವುದು. 42,000 ಮಿಲಿವ್ಯಾಟ್ ಅವರ್ ಇರಬೇಕಾದಲ್ಲಿ 33,600 ಇದ್ದರೆ ಉಳಿದಿರುವುದು ಶೇ 80. ಪಕ್ಕದಲ್ಲೇ 'ಸೈಕಲ್ ಕೌಂಟ್' ಇರುತ್ತದೆ. ಒಮ್ಮೆ ಚುಚ್ಚಿ ತೆಗೆದರೆ ಒಂದು ಸೈಕಲ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ: ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಎರಡೂ ಸೇರಿ ಒಂದು ಸೈಕಲ್. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಸೈಕಲ್ ಹೊತ್ತಿಗೆ ಶೇ 80ರ ಆಸುಪಾಸಿಗೆ ಇಳಿಯುವುದು ನಿರೀಕ್ಷಿತ. ಆಪಲ್ ತನ್ನ ಈಗಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಯನ್ನು 1,000 ಸೈಕಲ್‌ಗೆ ವಿನ್ಯಾಸ ಮಾಡಿದ್ದಾಗಿ ಹೇಳುತ್ತದೆ. ಸೈಕಲ್ 400 ಆಗಿ ಸಾಮರ್ಥ್ಯ ಶೇ 78 ಉಳಿದಿದ್ದರೆ ಜಗಳಕ್ಕೆ ಆಧಾರವಿಲ್ಲ. ಸೈಕಲ್ ಇನ್ನೂ 90 ಆಗಿರುವಾಗಲೇ ಶೇ 60ಕ್ಕೆ ಬಿದ್ದಿದ್ದರೆ ಅದು ಬೇರೆ ಕತೆ.

ಇಳಿಜಾರೋ, ಮೆಟ್ಟಿಲೋ?

ವರದಿಯ ನಿಜವಾದ ತಿರುಳು ಇರುವುದು ಕೆಳಗಿನ 'ಬ್ಯಾಟರಿ ಕೆಪ್ಯಾಸಿಟಿ ಹಿಸ್ಟರಿ' ಎಂಬ ಪಟ್ಟಿಯಲ್ಲಿ. ಲ್ಯಾಪ್‌ಟಾಪ್ ಬಳಕೆಗೆ ಬಂದ ದಿನದಿಂದ ಸಾಮರ್ಥ್ಯ ಹೇಗೆ ಬದಲಾಯಿತು ಎಂಬುದು ಅಲ್ಲಿ ಸಾಲುಸಾಲಾಗಿ ಇರುತ್ತದೆ.

ಎರಡು ಬಗೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಂಡಕ್ಕಿ ಭಟ್ಟಿಯ ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಚಾರ್ಜರ್ ಚುಚ್ಚಿಯೇ ಇದ್ದ ಲ್ಯಾಪ್‌ಟಾಪೊಂದರ ವರದಿ ನೋಡಿದ್ದೇನೆ. 45,000ದಿಂದ ಶುರುವಾಗಿ 44, 43, 41, 38 ಸಾವಿರ ಎಂದು ಒಂದೇ ಹದದಲ್ಲಿ ಇಳಿಯುತ್ತಾ 28,000ಕ್ಕೆ ಬಂದಿತ್ತು. ಸೈಕಲ್ ತೀರಾ ಕಡಿಮೆ, ಆದರೂ ಸವಕಳಿ ಆಳವಾಗಿದೆ. ಭಟ್ಟಿಯ ಕಾವು, ಸದಾ ಪೂರ್ತಿ ತುಂಬಿದ ಸೆಲ್, ಇವೆರಡೂ ಸೇರಿದರೆ ಹೀಗೇ ಆಗುತ್ತದೆ. ಇದು ಇಳಿಜಾರು. ಇನ್ನೊಂದು, ಒಬ್ಬ ವಿದ್ಯಾರ್ಥಿನಿಯ ಹೊಸ ಲ್ಯಾಪ್‌ಟಾಪಿನದು: 42,000ದ ಬ್ಯಾಟರಿ ತಿಂಗಳುಗಟ್ಟಲೆ 41, 40 ಸಾವಿರದಲ್ಲೇ ನಿಂತಿದ್ದು, ಎರಡೇ ಸಾಲುಗಳ ಅಂತರದಲ್ಲಿ 27,000ಕ್ಕೆ ಇಳಿದಿತ್ತು. ಆಮೇಲೆ ಅಲ್ಲೇ ನಿಂತಿತ್ತು. ಇದು ಮೆಟ್ಟಿಲು. ಸವಕಳಿ ಮೆಟ್ಟಿಲು ಇಳಿಯುವುದಿಲ್ಲ.

ಮೆಟ್ಟಿಲು ಏಕಾಗುತ್ತದೆ? ಬ್ಯಾಟರಿಯೊಳಗೆ ಮೂರೋ ನಾಲ್ಕೋ ಸೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಂಟಿದರೆ ಇನ್ನೊಂದು ಎಷ್ಟೇ ಗಟ್ಟಿಯಾಗಿದ್ದರೂ ಗಾಡಿ ಕುಂಟೆತ್ತಿನ ವೇಗದಲ್ಲೇ ಹೋಗುತ್ತದೆ. ಇಲ್ಲೂ ಒಂದು ಸೆಲ್ ಬೇಗ ಬರಿದಾದರೆ ಉಳಿದವುಗಳಲ್ಲಿ ಶಕ್ತಿ ಇದ್ದರೂ ನಿಯಂತ್ರಕ ಇಡೀ ಬ್ಯಾಟರಿಯನ್ನು ಕಡಿದುಬಿಡುತ್ತದೆ. ಮೂವತ್ತು ಪರ್ಸೆಂಟ್ ತೋರಿಸುತ್ತಿದ್ದಾಗಲೇ ಪರದೆ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ.

ಆದರೆ ಅವಸರ ಬೇಡ. ಅಳತೆ ತಪ್ಪಿದ್ದರೂ ಹೀಗೇ ಕಾಣುತ್ತದೆ. ಪಟ್ಟಿಯಲ್ಲಿರುವ ಸಾಮರ್ಥ್ಯ ಬ್ಯಾಟರಿಯ ಒಳಗಿನ ಚಿಪ್ ಮಾಡಿದ ಅಂದಾಜು. ತಿಂಗಳುಗಟ್ಟಲೆ ಚಾರ್ಜರ್ ತೆಗೆಯದ ಯಂತ್ರದಲ್ಲಿ ಆ ಅಂದಾಜು ದಾರಿ ತಪ್ಪುತ್ತದೆ. ಸರಿಪಡಿಸಲು, ಉಳಿತಾಯದ ಮಿತಿ ಇದ್ದರೆ ತೆಗೆದು 100ರವರೆಗೆ ತುಂಬಿಸಿ, ಚುಚ್ಚಿಟ್ಟೇ ಒಂದೆರಡು ಗಂಟೆ ಬಿಡಿ. ಆಮೇಲೆ ಚಾರ್ಜರ್ ತೆಗೆದು, ಅದಾಗಿಯೇ ಹೈಬರ್ನೇಟ್ ಆಗುವವರೆಗೆ ಹಗುರ ಕೆಲಸ ಮಾಡಿ. ಕೆಲವು ಗಂಟೆ ಹಾಗೇ ತಣ್ಣಗಾಗಲು ಬಿಟ್ಟು, ನಡುವೆ ತೆಗೆಯದೆ ಮತ್ತೆ 100ಕ್ಕೆ ತುಂಬಿಸಿ. ಕರೆಂಟ್ ಹೋಗುವ ವೇಳೆ ನೋಡಿಕೊಂಡು ಶುರು ಮಾಡಿದರೆ ಒಳ್ಳೆಯದು, ಅರ್ಧಕ್ಕೆ ನಿಂತರೆ ಮೊದಲಿನಿಂದ ಮಾಡಬೇಕಾಗುತ್ತದೆ. ಈಗ ಹೊಸ ವರದಿ ತೆಗೆಯಿರಿ. ಸಂಖ್ಯೆ ಮೇಲೆ ಬಂದರೆ ಅಳತೆಯ ದೋಷವಿತ್ತು, ಸರಿಹೋಯಿತು. ಬರಲಿಲ್ಲ, ಮತ್ತೆ ಮೂವತ್ತಕ್ಕೇ ಆರಿತು ಎಂದರೆ ಸೆಲ್‌ನದೇ ದೋಷ ಎಂದು ಧೈರ್ಯವಾಗಿ ಹೇಳಬಹುದು. ಇದನ್ನು ಪದೇಪದೇ ಮಾಡಬೇಡಿ. ಆಳಕ್ಕೆ ಬರಿದು ಮಾಡುವುದೇ ಬ್ಯಾಟರಿಗೆ ಹಿಂಸೆ.

ಕಂಪನಿಯ ಸ್ವಂತ ಪರೀಕ್ಷೆಯನ್ನೂ ಓಡಿಸಿ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್2. ಬ್ಯಾಟರಿ ವಿಫಲ ಎಂದರೆ ಪರದೆಯಲ್ಲಿ ಒಂದು ಸಂಕೇತ ಬರುತ್ತದೆ, ಅದರ ಫೋಟೊ ತೆಗೆಯಿರಿ. ನಿಮ್ಮ ಬಾಯಿಮಾತಿಗಿಂತ ಆ ಸಂಕೇತಕ್ಕೆ ಅವರಲ್ಲಿ ಬೆಲೆ ಹೆಚ್ಚು.

ಸವಕಳಿಗೆ ನಮ್ಮ ಬಿಸಿಲೂ ಪಾಲುದಾರ

ಲಿಥಿಯಂ ಸೆಲ್ ಬಳಸದಿದ್ದರೂ ಸವೆಯುತ್ತದೆ. ಗ್ರಾಫೈಟ್ ಧ್ರುವದ ಮೇಲೆ ಬೆಳೆಯುವ ತೆಳು ಪದರವೊಂದು ಓಡಾಡುವ ಲಿಥಿಯಂ ಅನ್ನು ಸ್ವಲ್ಪಸ್ವಲ್ಪವೇ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿ ಹೆಚ್ಚಿದಷ್ಟೂ, ಸೆಲ್ ಪೂರ್ತಿ ತುಂಬಿದ್ದಷ್ಟೂ ಈ ಕ್ರಿಯೆ ಚುರುಕು. ಮೇ ತಿಂಗಳಲ್ಲಿ ಚಿತ್ರದುರ್ಗ, ಚಳ್ಳಕೆರೆ ಕಡೆಯ ತಗಡಿನ ಛಾವಣಿಯ ಕೋಣೆಯಲ್ಲಿ 100ಕ್ಕೆ ಚುಚ್ಚಿಟ್ಟ ಲ್ಯಾಪ್‌ಟಾಪಿಗೆ ಎರಡೂ ಏಟು ಒಟ್ಟಿಗೇ ಬೀಳುತ್ತವೆ. ಅದಕ್ಕೇ ಉಳಿತಾಯದ ಮಿತಿಯನ್ನು ಇರಲು ಬಿಡಿ ಎಂದದ್ದು. ಹಾಸಿಗೆಯ ಮೇಲೆ ಇಟ್ಟುಕೊಂಡು ಗಾಳಿಕಿಂಡಿ ಮುಚ್ಚುವುದು, ನಿಲ್ಲಿಸಿದ ಕಾರಿನಲ್ಲಿ ಮಧ್ಯಾಹ್ನ ಬಿಟ್ಟುಹೋಗುವುದು ಇವೂ ಅದೇ ಸಾಲಿನವು. ರಜೆಗೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಬಿಟ್ಟುಹೋಗುವುದಾದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ತಂಪಾದ ಕಪಾಟಿನಲ್ಲಿಡಿ.

ವಾರಂಟಿ: ಹನ್ನೊಂದನೆಯ ತಿಂಗಳನ್ನು ಮರೆಯಬೇಡಿ

ಬಿಲ್ ಮೇಲೆ ಮೂರು ವರ್ಷ ಎಂದಿದ್ದರೂ ಬ್ಯಾಟರಿಗೆ ಬಹುಪಾಲು ಒಂದೇ ವರ್ಷ. ವಾರಂಟಿ ಪತ್ರದಲ್ಲಿ ಬ್ಯಾಟರಿಯ ಸಾಲನ್ನು ಹುಡುಕಿ ಓದಿ. ದುಡ್ಡು ಕೊಟ್ಟು ಹೆಚ್ಚಿಸಿಕೊಂಡ ವಾರಂಟಿಯಲ್ಲೂ, ಬಿದ್ದರೆ ಒಡೆದರೆ ಎಂಬ ಅಪಘಾತದ ಯೋಜನೆಯಲ್ಲೂ ಬ್ಯಾಟರಿಯನ್ನು ಹೊರಗಿಡುವುದು ವಾಡಿಕೆ. ಕೆಲವು ಕಂಪನಿಗಳು ಬ್ಯಾಟರಿಗೆಂದೇ ಬೇರೆ ಯೋಜನೆ ಮಾರುತ್ತವೆ. ಆಪಲ್‌ನ ಮೂಲ ಒಂದು ವರ್ಷದ ವಾರಂಟಿಯೂ ದೋಷಕ್ಕೆ ಮಾತ್ರ. ಆಪಲ್‌ಕೇರ್ ಪ್ಲಸ್ ಕೊಂಡವರಿಗೆ ಮಾತ್ರ ಸಾಮರ್ಥ್ಯ ಶೇ 80ಕ್ಕಿಂತ ಕೆಳಗೆ ಬಂದರೆ ಬದಲಾವಣೆ ಉಂಟು. ಅಂಗಡಿಯಲ್ಲಿ "ಎಲ್ಲಾ ಕವರ್ ಆಗುತ್ತದೆ" ಎಂದದ್ದಕ್ಕೆ ಬೆಲೆಯಿಲ್ಲ, ಬರೆದದ್ದಕ್ಕಷ್ಟೇ.

ಹೊಸ ಲ್ಯಾಪ್‌ಟಾಪ್ ತಂದ ವಾರದಲ್ಲೇ ಮೊದಲ ವರದಿ ತೆಗೆದಿಡಿ. ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಎಂದು ಮುಗಿಯುತ್ತದೆ ಎಂದೂ ನೋಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಮಾಲಾದರೆ ನೀವು ಕೊಳ್ಳುವ ಮುಂಚಿನಿಂದಲೇ ಲೆಕ್ಕ ಶುರುವಾಗಿರಬಹುದು. ಜಿಎಸ್‌ಟಿ ಬಿಲ್ ಕಳುಹಿಸಿ ತಾರೀಖು ತಿದ್ದಿಸಿಕೊಳ್ಳಿ. ಹನ್ನೊಂದನೆಯ ತಿಂಗಳಲ್ಲಿ ಮತ್ತೊಂದು ವರದಿ ತೆಗೆಯಿರಿ. ಮೆಟ್ಟಿಲು ಕಂಡರೆ ಅವತ್ತೇ ದೂರು ದಾಖಲಿಸಿ. ಕಾಲೇಜಿನ ಪರೀಕ್ಷೆ ಮುಗಿದ ಮೇಲೆ ನೋಡಿದರಾಯಿತು ಎಂದು ಮುಂದೂಡಿ, ಅವಧಿ ಮುಗಿದ ಮಾರನೆಯ ವಾರ ಬರುವವರಿಗೆ ಸಹಾಯ ಮಾಡಲು ದಾರಿಗಳು ಕಡಿಮೆ.

ಸರ್ವಿಸ್ ಸೆಂಟರಿಗೆ ಕೊಡುವ ಮುನ್ನ ವರದಿ ನಿಮ್ಮ ಬಳಿ ಇರಲೇಬೇಕು ಎನ್ನುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಸಾಮರ್ಥ್ಯದ ಇತಿಹಾಸ ವಿಂಡೋಸ್‌ನೊಳಗೆ ಉಳಿದಿರುತ್ತದೆ. ಅವರು ವಿಂಡೋಸ್ ಹೊಸದಾಗಿ ಹಾಕಿದರೆ ಮೆಟ್ಟಿಲು ತೋರಿಸುತ್ತಿದ್ದ ಪಟ್ಟಿಯೂ ಹೋಗುತ್ತದೆ, ಉಳಿಯುವುದು ಇವತ್ತಿನ ಸಂಖ್ಯೆ ಮಾತ್ರ. ಆಮೇಲೆ ಇಳಿಜಾರೋ ಮೆಟ್ಟಿಲೋ ಹೇಳುವವರು ಯಾರು?

ಕೌಂಟರ್‌ನಲ್ಲಿ "ಬ್ಯಾಟರಿ ಬ್ಯಾಕಪ್ ಕಡಿಮೆ" ಎಂದು ಬರೆಸಬೇಡಿ. ಆ ಮೂರು ಪದ ಸವಕಳಿಯ ಖಾನೆಗೆ ನೇರವಾಗಿ ಹೋಗಿ ಬೀಳುತ್ತದೆ. "ಇಂಥ ತಿಂಗಳಲ್ಲಿ ಸಾಮರ್ಥ್ಯ 40,000ದಿಂದ 27,000ಕ್ಕೆ ಒಮ್ಮೆಲೇ ಇಳಿದಿದೆ, ಅಳತೆ ಸರಿಪಡಿಸಿದ ಮೇಲೂ ಶೇ 30ರಲ್ಲಿ ಆರುತ್ತಿದೆ, ಸೈಕಲ್ 90" ಎಂದು ಬರೆಸಿ, ಜಾಬ್ ಶೀಟಿನ ಪ್ರತಿ ಕೇಳಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ. ಬದಲಾಯಿಸಿ ಕೊಟ್ಟರೆ, ಹೊಸ ಬ್ಯಾಟರಿಗೆ ಎಲ್ಲಿಯವರೆಗೆ ವಾರಂಟಿ ಎಂದು ಅಲ್ಲೇ ಕೇಳಿಕೊಳ್ಳಿ. ಮತ್ತೆ ಪೂರ್ತಿ ಒಂದು ವರ್ಷ ಸಿಗುತ್ತದೆ ಎಂದು ಭಾವಿಸಬೇಡಿ.

ಬರವಣಿಗೆಯ ನಿರಾಕರಣೆ ಕೈಯಲ್ಲಿದ್ದು ನಿಮ್ಮ ವರದಿ ಮೆಟ್ಟಿಲನ್ನು ತೋರಿಸುತ್ತಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಾವಣಗೆರೆಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಇಳಿಜಾರಿನ ವರದಿ ಹಿಡಿದು ಮಾತ್ರ ಹೋಗಬೇಡಿ.

ದುಡ್ಡು ಕೊಟ್ಟೇ ಬದಲಾಯಿಸಬೇಕಾದಾಗ

ಸವಕಳಿ ಎಂದೇ ತೀರ್ಮಾನವಾದರೆ ಮೊದಲು ಕಂಪನಿಯ ಮೂಲ ಬ್ಯಾಟರಿಯ ಬೆಲೆ ಕೇಳಿ. ಹೊರಗಿನ ಬ್ಯಾಟರಿಯೇ ಆಗಬೇಕೆಂದರೆ ಹಳೆಯದರ ಮೇಲಿರುವ ಭಾಗದ ಸಂಖ್ಯೆ, ವೋಲ್ಟೇಜ್, ವ್ಯಾಟ್ ಅವರ್ ಮೂರೂ ತಾಳೆಯಾಗಲಿ. ಹೊಸ ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಎಂಬ ಮಾನಕ ಸಂಖ್ಯೆ, ಇಂಗ್ಲಿಷಿನ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಜೋಡಿಸಿದ ಕೂಡಲೇ ವರದಿ ತೆಗೆಯಿರಿ. ಸೀರಿಯಲ್ ನಂಬರ್ ಜಾಗ ಖಾಲಿಯಿದ್ದರೆ, ಹೊಸದೆಂದು ಕೊಟ್ಟದ್ದರ ಸೈಕಲ್ ಎಣಿಕೆ ಆಗಲೇ ಏರಿದ್ದರೆ, ಅಲ್ಲೇ ವಾಪಸ್ ಕೊಡಿ. ಮನೆಗೆ ಬಂದ ಮೇಲೆ ವಾದ ಕಷ್ಟ.

ಹಳೆಯ ಬ್ಯಾಟರಿಯನ್ನು ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅದುಮಿದಾಗ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಹೊಣೆ ಉತ್ಪಾದಕರದು. ಹೊಸದು ಹಾಕಿಸುವ ಅಂಗಡಿ ಅಥವಾ ಸರ್ವಿಸ್ ಸೆಂಟರಿನಲ್ಲಿ ಅದನ್ನು ತೆಗೆದುಕೊಳ್ಳುತ್ತಾರೆಯೇ ಕೇಳಿ, ಅಲ್ಲಿಯವರೆಗೆ ಅದರ ಸಂಪರ್ಕದ ತುದಿಗಳಿಗೆ ಟೇಪ್ ಸುತ್ತಿ ಲೋಹದ ವಸ್ತು ತಾಗದ ಕಡೆ ಇಡಿ.